ಸೋಮವಾರ ನಿಲ್ಲುವ ಕಾರು

ಡೀಸೆಲ್ ಎಂಜಿನ್ ಒಮ್ಮೆಲೇ ಸಾಯುವುದಿಲ್ಲ. ಮೊದಲು ಅದರ ದನಿ ಸ್ವಲ್ಪ ಇಳಿಯುತ್ತದೆ, ಕಾಲಡಿಯ ಹಲಗೆಯ ನಡುಕ ಬದಲಾಗುತ್ತದೆ, ಆಮೇಲೆ ಒಂದೆರಡು ಸಲ ಕೆಮ್ಮುತ್ತದೆ. ಅಷ್ಟೇ. ಗಾಡಿ ಇನ್ನೂ ಉರುಳುತ್ತಲೇ ಇರುತ್ತದೆ, ಆದರೆ ಸದ್ದಿರುವುದಿಲ್ಲ. ಟೈರಿನ ಕೆಳಗೆ ಜಲ್ಲಿಕಲ್ಲು ಹೊರಳುವುದು, ಗದ್ದೆಯಿಂದ ಗದ್ದೆಗೆ ನೀರು ಇಳಿಯುವುದು, ಎಲ್ಲೋ ಯಾರೋ ಎತ್ತಿಗೆ ಬಯ್ಯುವುದು, ಒಂದೊಂದಾಗಿ ಎಲ್ಲವೂ ಕಿವಿಗೆ ಬರುತ್ತವೆ. ಈಗ ಕಣ್ಣು ಮುಚ್ಚಿ ನೆನೆದರೆ ಆ ನಿಶ್ಶಬ್ದ ಎಷ್ಟು ಹಿತವಾಗಿದೆ! ಆಗ ಮಾತ್ರ ಅದು ಶುರುವಾದ ಕೂಡಲೇ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ಕಾರು ನನ್ನದಲ್ಲ, ಕೊಳ್ಳೇಗಾಲದ ಒಬ್ಬ ಯಜಮಾನರದು. ಹನೂರಿನ ಕಡೆ ಅವರಿಗೆ ರಾಗಿ ಹೊಲಗಳಿದ್ದವು, ಪೇಟೆಯಲ್ಲಿ ಕಾಳಿನ ಮಂಡಿ ಇತ್ತು. ಹಳೆಯ ಪೆಟ್ರೋಲ್ ಕಾರಿನ ಎಂಜಿನ್ ಕೆಟ್ಟುಹೋದ ಮೇಲೆ ಕೊಯಮತ್ತೂರಿಗೆ ಕಳಿಸಿ, ಅದರ ಹೊಟ್ಟೆಗೆ ಡೀಸೆಲ್ ಎಂಜಿನ್ ಕೂರಿಸಿಕೊಂಡು ತಂದಿದ್ದರು. ಕೊಳ್ಳೇಗಾಲ ಆಗಿನ್ನೂ ಮದ್ರಾಸಿಗೆ ಸೇರಿತ್ತು, ಕೊಯಮತ್ತೂರೇ ನಮಗೆ ಜಿಲ್ಲೆ. ಪಕ್ಕದ ಯಳಂದೂರು ಮೈಸೂರಿನದು. ಬೆಳಿಗ್ಗೆ ಒಂದು ರಾಜ್ಯ ಬಿಟ್ಟು ಹೊರಟು ಇನ್ನೊಂದು ರಾಜ್ಯದಲ್ಲಿ ಉಂಡು ಸಂಜೆಗೆ ವಾಪಸು ಬರುತ್ತಿದ್ದೆವು, ಅದೊಂದು ವಿಷಯವೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಕಾರಿಗೆ ನೋಡಲು ಕಾರಿನ ಮೈ, ಕೂಗಲು ಲಾರಿಯ ಗಂಟಲು. ಪೇಟೆ ಬೀದಿಯಲ್ಲಿ ಅದು ಬಂದರೆ ಮಗ್ಗದ ಮನೆಗಳಲ್ಲಿ ಲಾಳಿಯ ಸದ್ದು ಕೇಳುತ್ತಿರಲಿಲ್ಲ.

ನಾನು ಹನೂರಿನ ಆಚೆಯ ಕೇರಿಯವನು. ಯಾವ ಕೇರಿ ಎಂದು ನಮ್ಮ ಕಡೆಯವರು ಕೇಳುವುದಿಲ್ಲ, ಅದು ಊರಿಂದ ಎಷ್ಟು ದೂರ ಇದೆ ಅನ್ನುವುದರಲ್ಲೇ ತಿಳಿದುಹೋಗುತ್ತದೆ. ಅಪ್ಪ ಇದೇ ಯಜಮಾನರ ಹೊಲದಲ್ಲಿ ಜೀತಕ್ಕಿದ್ದು ಅಲ್ಲೇ ಸವೆದವನು. ನಾನು ಯುದ್ಧದ ಕಾಲದಲ್ಲಿ ಮಿಲಿಟರಿ ಸೇರಿ ಲಾರಿ ಓಡಿಸುವುದನ್ನು, ಬಿಚ್ಚುವುದನ್ನು, ಕಟ್ಟುವುದನ್ನು ಕಲಿತು ಬಂದೆ. ಬಂದವನಿಗೆ ಯಜಮಾನರು ಡ್ರೈವರ್ ಕೆಲಸ ಕೊಟ್ಟರು. ಸುತ್ತಮುತ್ತ ಡೀಸೆಲ್ ಎಂಜಿನ್ ಗೊತ್ತಿದ್ದವರು ಬೇರೆ ಯಾರೂ ಸಿಗಲಿಲ್ಲ ಅಂತ ಕೊಟ್ಟರು, ಪ್ರೀತಿಗೇನಲ್ಲ. ಇರಲಿ. ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿಕೊಂಡು ಆ ಸ್ಟೀರಿಂಗ್ ಹಿಂದೆ ಕೂತಾಗ ನಾನು ಯಾರಿಗೂ ಕಡಿಮೆ ಇರಲಿಲ್ಲ. ಅಪ್ಪ ಹಿಡಿದ ಕುಂಟೆಯನ್ನು ಮತ್ತೆ ನಾನು ಹಿಡಿಯಬಾರದು, ನನಗೆ ಬೇಕಾಗಿದ್ದದ್ದು ಅದೊಂದೇ.

ಯಜಮಾನರ ತಾಯಿಯನ್ನು ಎಲ್ಲರೂ ಅವ್ವಾರು ಅನ್ನುತ್ತಿದ್ದೆವು. ಸಣ್ಣ ಮೈ, ದೊಡ್ಡ ಗಂಟಲು. ಅವರ ಮಗಳನ್ನು ಯಳಂದೂರಿಗೆ ಕೊಟ್ಟಿತ್ತು, ಸೋಮವಾರ ಸೋಮವಾರ ಪೂಜೆ ಮುಗಿಸಿ ಅಲ್ಲಿಗೆ ಹೋಗಿಬರುವುದು ರೂಢಿ. ಹೊರಡುವ ಮುಂಚೆ ಕಾರಿಗೂ ಪೂಜೆ ಆಗಬೇಕು. ನಾನು ಕಾರು ತೊಳೆದು ಅಂಗಳದಲ್ಲಿ ನಿಲ್ಲಿಸುತ್ತಿದ್ದೆ. ಅವರು ಬಟ್ಟಲಲ್ಲಿ ವಿಭೂತಿ ಗಟ್ಟಿಯನ್ನು ನೀರು ಹಾಕಿ ತೇದುಕೊಂಡು ಬಂದು ಬಾನೆಟ್ಟಿಗೆ, ಸ್ಟೀರಿಂಗಿಗೆ, ಒಂದೊಂದು ಚಕ್ರಕ್ಕೆ ಮೂರು ಬೆರಳಿನಲ್ಲಿ ಎಳೆಯುತ್ತಿದ್ದರು. ಆ ವರ್ಷದ ಶಿವರಾತ್ರಿಯ ಹೊತ್ತಿಗೆ ಒಂದು ಸಂಜೆ ನಾನು ಡೀಸೆಲ್ ಹಾಕುವುದನ್ನು ನೋಡಿ ಹಿಂದೆ ಬಂದು ನಿಂತರು.

"ಇಷ್ಟು ದಿನ ಇದ್ನ ನೋಡೇ ಇರ್ಲಿಲ್ವಲ್ಲೋ. ಇದೇನ್ಲಾ, ಇದರ ಬಾಯಾ?"

"ಊಂ ಅವ್ವಾರೆ, ಇಲ್ಲೇ ಉಣ್ಸೋದು."

"ಅಯ್ ಶಿವನೆ, ಉಣ್ಣೋ ಬಾಯ್ನೇ ಬುಟ್ಬುಟ್ಟಿದ್ದೀನಲ್ಲ!"

ಅವತ್ತಿನಿಂದ ಟ್ಯಾಂಕಿನ ಮುಚ್ಚಳಕ್ಕೂ ಮೂರು ಗೆರೆ ಬಿತ್ತು. ಎಲ್ಲ ಮುಗಿದ ಮೇಲೆ ನನ್ನ ಸರದಿ. ನಾನು ಅಂಗೈ ಒಡ್ಡುತ್ತಿದ್ದೆ, ಅವರು ಮೇಲಿಂದ ಒಂದು ಚಿಟಿಕೆ ಒಣ ವಿಭೂತಿ ಉದುರಿಸುತ್ತಿದ್ದರು. ಕೈಗೆ ಕೈ ತಾಗುತ್ತಿರಲಿಲ್ಲ. ಅದನ್ನು ನಾನೇ ಹಣೆಗೆ ಇಟ್ಟುಕೊಳ್ಳುತ್ತಿದ್ದೆ. ಚಕ್ರಕ್ಕೂ ಮೂರು ಬೆರಳು ತಾಗುತ್ತದೆ, ನನಗೆ ತಾಗುವುದಿಲ್ಲ ಎಂದು ಒಮ್ಮೊಮ್ಮೆ ಮನಸ್ಸಿಗೆ ಬರುತ್ತಿತ್ತು. ಬಂದರೆ ಮೈಯೆಲ್ಲ ಉರಿಯುತ್ತಿತ್ತು, ಬಾಗಿಲು ಧಡಾರನೆ ಹಾಕಿ ಗಾಡಿ ಸ್ಟಾರ್ಟ್ ಮಾಡುತ್ತಿದ್ದೆ.

ಹಬ್ಬ ಕಳೆದು ಸ್ವಲ್ಪ ದಿನಕ್ಕೇ ಕಾರು ನಿಲ್ಲಲು ಶುರುವಾಯಿತು. ಕೊಳ್ಳೇಗಾಲ ಬಿಟ್ಟಾಗ ಚೆನ್ನಾಗಿಯೇ ಓಡುತ್ತಿತ್ತು. ಮಾಂಬಳ್ಳಿ ದಾಟಿ, ಕಾಲುವೆಯ ಪಕ್ಕ ಒಂದು ದೊಡ್ಡ ಹೊಂಗೆ ಮರ ಬರುತ್ತಿತ್ತು, ಅದರ ಹತ್ತಿರ ಬಂದಾಗ ದನಿ ಇಳಿದು, ಕೆಮ್ಮಿ, ಸುಮ್ಮನಾಗುತ್ತಿತ್ತು. ನೆರಳಿಗೆ ಉರುಳಿಸಿ ನಿಲ್ಲಿಸುತ್ತಿದ್ದೆ. ಒಂದಷ್ಟು ಹೊತ್ತು ಕಾದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. ಮಂಗಳವಾರ ಯಜಮಾನರನ್ನು ಹನೂರಿಗೆ ಕರೆದೊಯ್ಯುವಾಗ ಮತ್ತೆ ಒಂದು ಸಲ ನಿಲ್ಲುತ್ತಿತ್ತು. ಗುರುವಾರ, ಶುಕ್ರವಾರ ರಾಮಾಪುರದ ತನಕ ಕಲ್ಲು ರಸ್ತೆಯಲ್ಲಿ ಹೊಡೆದುಕೊಂಡು ಹೋದರೂ ಒಂದು ಕೆಮ್ಮು ಇಲ್ಲ. ಕೆಟ್ಟೇ ಹೋದ ಎಂಜಿನ್ನನ್ನು ರಿಪೇರಿ ಮಾಡಬಹುದು, ಮನಸ್ಸು ಬಂದಾಗ ಕೆಡುವ ಎಂಜಿನ್ನನ್ನು ಏನು ಮಾಡುವುದು?

ಹೊಂಗೆ ಮರದ ಕೆಳಗೆ ಕಾಯುವಾಗ ನನಗೆ ನಿದ್ದೆ ಹತ್ತುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಹೂ ಉದುರುವ ಕಾಲ. ಬಾನೆಟ್ಟಿನ ಮೇಲೆ, ನನ್ನ ತೋಳಿನ ಮೇಲೆ, ಕಾಲುವೆಯ ನೀರಿನ ಮೇಲೆ ಬಿಳಿ ಹೂ. ದೂರದಲ್ಲಿ ಬಿಳಿಗಿರಿ ಬೆಟ್ಟದ ಸಾಲು ಬಿಸಿಲಿಗೆ ಒಂದು ಸಲ ಹತ್ತಿರ ಬಂದಂತೆ, ಒಂದು ಸಲ ಇಲ್ಲವೇ ಇಲ್ಲ ಎನ್ನುವಂತೆ. ಅವ್ವಾರು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದರು. ಯಾವ ರಾಜ್ಯದಲ್ಲಿ ಇದ್ದೇವೆ, ಯಾರು ಮುಂದೆ ಯಾರು ಹಿಂದೆ ಕೂತಿದ್ದೇವೆ ಅನ್ನುವುದೆಲ್ಲ ಆ ಹೊತ್ತಿನಲ್ಲಿ ಕರಗಿ ಹೋಗುತ್ತಿತ್ತು. ಎಚ್ಚರವಾದಾಗ ಮತ್ತೆ ನಾನು ಡ್ರೈವರ್, ಅವರು ಅವ್ವಾರು.

ಈ ನಿದ್ದೆಯ ಸುದ್ದಿ ಯಾರೋ ಯಜಮಾನರ ಕಿವಿಗೆ ಹಾಕಿದರು.

"ಅಲ್ಲಲೇ, ನಿಂಗೆ ನಿದ್ದೆ ಬಂದಾಗೆಲ್ಲ ಕಾರ್ಗೂ ನಿದ್ದೆ ಬತ್ತದಲ್ಲ, ಅದೆಂಗೆ?" ಎಂದು ಮಂಡಿಯಲ್ಲಿ ನಾಲ್ಕು ಜನರ ಮುಂದೆ ಕೇಳಿದರು. ಎಲ್ಲರೂ ನಕ್ಕರು.

"ಇಂಜಿನ್ನಲ್ಲಿ ಏನೋ ಅದೆ ಬುದ್ದಿ, ಹುಡುಕ್ತಾ ಇವ್ನಿ."

"ಹುಡುಕು ಹುಡುಕು. ಹೊಂಗೆ ಮರದಡಿ ಮನೀಕಂಡು ಹುಡುಕು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಅದನ್ನು ಹೇಗೆ ನುಂಗಿದೆನೋ ನನಗೇ ಗೊತ್ತಿಲ್ಲ.

ಹುಡುಕಿದೆ. ಡೀಸೆಲ್ ಬರುವ ಕೊಳವೆಯೊಳಗೆ ಗಾಳಿ ಸೇರಿದರೆ ಎಂಜಿನ್ ಹೀಗೆ ಸಾಯುತ್ತದೆ, ಮಿಲಿಟರಿಯಲ್ಲಿ ಮೊದಲು ಹೇಳಿಕೊಟ್ಟ ಪಾಠವೇ ಅದು. ಫಿಲ್ಟರಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದೆ, ಗುಳ್ಳೆ ಬರಲಿಲ್ಲ. ಗಾಳಿಯಲ್ಲವಾದರೆ ಕಸ ಇರಬೇಕು ಎಂದು ಫಿಲ್ಟರ್ ಬಿಚ್ಚಿ ತೊಳೆದೆ. ಅದು ನನ್ನ ಅಂಗಿಗಿಂತ ಚೊಕ್ಕವಾಗಿತ್ತು. ಹಾಗಾದರೆ ಡೀಸೆಲಿನಲ್ಲೇ ನೀರು ಸೇರಿದೆ ಎಂದು ಪೀಪಾಯಿಯಲ್ಲಿಟ್ಟು ಡೀಸೆಲ್ ಮಾರುವವನ ಜೊತೆ ಜಗಳ ತೆಗೆದೆ, ದಪ್ಪ ಬಟ್ಟೆಯಲ್ಲಿ ಸೋಸಿ ಹಾಕಿದೆ. ಅವನು ಇವತ್ತಿಗೂ ನನ್ನನ್ನು ಬಯ್ಯುತ್ತಿರಬಹುದು, ಪಾಪ, ಅವನದೇನೂ ತಪ್ಪಿರಲಿಲ್ಲ. ತಾಮ್ರದ ಕೊಳವೆ ಬಿಚ್ಚಿ ಬಾಯಲ್ಲಿ ಊದಿದೆ, ಸರಾಗವಾಗಿ ಗಾಳಿ ಹೋಯಿತು. ಆಮೇಲೆ ಎರಡು ದಿನ ರಾಗಿಮುದ್ದೆಯೂ ಡೀಸೆಲ್, ಬೀಡಿಯೂ ಡೀಸೆಲ್. ನನಗೆಲ್ಲ ಗೊತ್ತು ಎಂದು ಮೆರೆಯುತ್ತಿದ್ದವನಿಗೆ ಯಾವ ದಾರಿಯೂ ಉಳಿಯಲಿಲ್ಲ. ಬಸ್ ಶೆಡ್ಡಿನ ಮೇಸ್ತ್ರಿಯನ್ನು ಕರೆದು ತೋರಿಸಿದೆ. ಅವನು ಕಿವಿ ಇಟ್ಟು ಕೇಳಿ, ಪಂಪೇ ಹೋಗಿದೆ, ಕೊಯಮತ್ತೂರಿಗೆ ಕಳಿಸಿ ಎಂದುಬಿಟ್ಟ.

ಯಜಮಾನರ ತಂಗಿಯ ಮಗಳು, ಅಂದರೆ ಅವ್ವಾರ ಮೊಮ್ಮಗಳು, ಆಗ ಯಳಂದೂರಿನಲ್ಲಿ ಚೊಚ್ಚಲ ಬಸುರಿ. ಅವಳಿಗೆ ಬಳೆ ತೊಡಿಸುವ ಶಾಸ್ತ್ರ ಒಂದು ಸೋಮವಾರಕ್ಕೇ ಬಿತ್ತು. ಅಜ್ಜಿ ತಂದ ಹಸಿರು ಬಳೆಯೇ ಮೊದಲು ಏರಬೇಕು. ಯಜಮಾನರು ಮುಂಚಿನ ದಿನವೇ ಬಸ್ಸಿನಲ್ಲಿ ಅಲ್ಲಿಗೆ ಹೊರಟರು. ಹೊರಡುವ ಮುಂಚೆ ನನ್ನನ್ನು ಕರೆದರು. ಈ ಸಲ ನಗಲಿಲ್ಲ.

"ನಾಳೆ ಅವ್ವ ಹೊತ್ಗೆ ಸರ್ಯಾಗಿ ಬಂದಿರ್ಬೇಕು. ದಾರೀಲಿ ನಿಂತ್ಕತ್ತು ಅಂದ್ರೆ ಕೀಲಿಕೈ ಅಲ್ಲೇ ಕೊಟ್ಬುಟ್ಟು ಸೀದಾ ಹೊಲಕ್ಕೋಗು. ನಿಮ್ಮಪ್ಪನ ಕುಂಟೆ ಅಂಗೇ ಅದೆ."

ಆ ಕೊನೆಯ ಮಾತು ಆಡಬಾರದಿತ್ತು. ಎದುರಿಗೆ ನಿಂತು ತಲೆಯಾಡಿಸಿದೆ, ಹಿಂದಕ್ಕೆ ತಿರುಗಿದಾಗ ಕಣ್ಣಲ್ಲಿ ನೀರು ಬಂತು. ಭಾನುವಾರ ಸಂಜೆ ಎಂದಿನಂತೆ ಟ್ಯಾಂಕು ತುಂಬಿಸಿ, ಎಲ್ಲ ನಟ್ಟುಗಳನ್ನೂ ಮತ್ತೆ ಬಿಗಿದು ಇಟ್ಟೆ. ದಾರಿಯಲ್ಲಿ ಟ್ಯಾಂಕಿನ ಮುಚ್ಚಳ ತೆಗೆಯುವ ಕೆಲಸ ನನಗೆ ಯಾವತ್ತೂ ಬೀಳುತ್ತಿರಲಿಲ್ಲ.

ಸೋಮವಾರ ಶುಭಕಾರ್ಯವೆಂದು ಅವ್ವಾರು ಕಾರಿಗೆ ದಪ್ಪವಾಗಿಯೇ ವಿಭೂತಿ ಎಳೆದರು. ನನ್ನ ಅಂಗೈಗೆ ಎಂದಿನ ಚಿಟಿಕೆ ಉದುರಿತು. ಹೊರಟೆವು. ಹಿಂದಿನ ಸೀಟಿನಲ್ಲಿ ಅವರ ತೊಡೆಯ ಮೇಲೆ ಬಳೆಯ ಬುಟ್ಟಿ. ಎಂಜಿನ್ ನಡುಗಿದಂತೆಲ್ಲ ಬಳೆಗಳು ಕಿಣಿಕಿಣಿ ಅನ್ನುತ್ತಿದ್ದವು. ಬೆಳಗಿನ ಮಂಜು ಗದ್ದೆಗಳ ಮೇಲಿಂದ ಇನ್ನೂ ಎದ್ದಿರಲಿಲ್ಲ, ರಸ್ತೆ ಬರೀ ನಮ್ಮ ಮುಂದೆ ನಾಲ್ಕು ಮಾರು ಮಾತ್ರ ಹುಟ್ಟಿಕೊಳ್ಳುತ್ತಿತ್ತು. ಹೀಗೇ ಇದು ಮುಗಿಯದೆ ಇದ್ದರೆ ಸಾಕು ಅನ್ನಿಸಿತು. ಮಾಂಬಳ್ಳಿ ದಾಟಿತು. ಬಳೆಗಳ ಸದ್ದು ಸಣ್ಣಗಾಯಿತು. ಎಂಜಿನ್ ಕೆಮ್ಮಿತು. ಬಳೆಗಳು ಸುಮ್ಮನಾದವು.

ಕಾರು ತಾನಾಗಿಯೇ ಹೊಂಗೆ ಮರದ ಕೆಳಗೆ ಉರುಳಿ ನಿಂತಿತು.

"ಬಂತಲ್ಲಪ್ಪ ನಿನ್ ಮರ," ಎಂದರು ಅವ್ವಾರು.

ನನಗೆ ನಗು ಬರಲಿಲ್ಲ. ಇಳಿದು ಬಾನೆಟ್ ಎತ್ತಿ, ಹಾಗೇ ಮುಚ್ಚಿದೆ. ಅಲ್ಲಿ ನೋಡದೆ ಉಳಿದದ್ದೇನೂ ಇರಲಿಲ್ಲ. ಟ್ಯಾಂಕಿನೊಳಗೆ ಎಲೆಯೋ ಬಟ್ಟೆ ಚೂರೋ ಬಿದ್ದು ಕೊಳವೆಯ ಬಾಯಿಗೆ ಅಂಟುತ್ತಿದೆಯೋ ಏನೋ, ಅದನ್ನಾದರೂ ನೋಡಿಬಿಡೋಣ ಎಂದು ಹಿಂದೆ ಹೋದೆ. ಮುಚ್ಚಳ ಎಂದಿಗಿಂತ ಬಿಗಿಯಾಗಿತ್ತು. ಎರಡೂ ಕೈ ಹಾಕಿ ತಿರುಗಿಸಿದೆ.

ಉಸ್ಸ್ ಅಂದಿತು. ಒಳಗಿಂದ ಬಂದ ಗಾಳಿಯಲ್ಲ, ಹೊರಗಿನ ಗಾಳಿಯನ್ನು ಟ್ಯಾಂಕು ಒಳಕ್ಕೆ ಎಳೆದುಕೊಂಡ ಸದ್ದು. ನೀರಲ್ಲಿ ಮುಳುಗಿದ್ದವನು ಮೇಲೆ ಬಂದು ಉಸಿರು ಎಳೆದಂತೆ. ನಾನು ಹಾಗೇ ನಿಂತುಬಿಟ್ಟೆ. ಎಣ್ಣೆ ಡಬ್ಬಿಗೆ ಒಂದೇ ತೂತು ಮಾಡಿದರೆ ಎಣ್ಣೆ ಇಳಿಯುವುದಿಲ್ಲ, ಗಾಳಿ ಹೋಗಲು ಇನ್ನೊಂದು ತೂತು ಬೇಕು. ಅದಕ್ಕೇ ಮುಚ್ಚಳದ ನಡುವೆ ಸೂಜಿಯಷ್ಟು ಸಣ್ಣ ತೂತು ಇರುತ್ತದೆ. ಮುಚ್ಚಳ ತಿರುವಿ ಬೆಳಕಿಗೆ ಹಿಡಿದೆ. ತೂತಿನಲ್ಲಿ ಬೆಳಕಿಲ್ಲ. ವಿಭೂತಿ ಗಟ್ಟಿಯಾಗಿ ಕೂತಿತ್ತು.

ಸೋಮವಾರ ಮೆತ್ತುವುದು, ಎರಡು ದಿನ ಓಡಿ ಕುಲುಕಾಡಿ ಒಣಗಿ ಉದುರುವುದು, ಆಮೇಲೆ ವಾರವೆಲ್ಲ ಸಲೀಸು. ಅಯ್ಯೋ ನನ್ನ ಬುದ್ಧಿಗಿಷ್ಟು! ಜೋರಾಗಿ ನಕ್ಕುಬಿಡಬೇಕು ಅನ್ನಿಸಿತು. ಬೇಲಿಯಿಂದ ಒಂದು ಜಾಲಿ ಮುಳ್ಳು ಮುರಿದುಕೊಂಡೆ. ಮುರಿದ ಮೇಲೆ ಕೈ ಮುಂದಕ್ಕೆ ಹೋಗಲಿಲ್ಲ. ಅದು ಅವ್ವಾರು ಕೈಯಾರೆ ಇಟ್ಟ ವಿಭೂತಿ. ನಮ್ಮ ಕೇರಿಯವನೊಬ್ಬ ಅದನ್ನು ಮುಳ್ಳಿನಲ್ಲಿ ಕೆರೆದು ತೆಗೆದ ಅಂತ ಮನೆಗೆ ಗೊತ್ತಾದರೆ? ಕೆರೆಯದೆ ಬಿಟ್ಟರೆ ಇವತ್ತು ಹೇಗೋ ಹೋದೇವು, ಮುಂದಿನ ಸೋಮವಾರ ಮತ್ತೆ ಇದೇ ಮರ. ಮುಚ್ಚಳ ಸಡಿಲ ಬಿಟ್ಟು ಸುಳ್ಳು ಹೇಳಿಬಿಡಲೇ ಎಂದೂ ಯೋಚಿಸಿದೆ. ಅಷ್ಟರಲ್ಲಿ ಅವರು ಬುಟ್ಟಿ ಸೀಟಿನ ಮೇಲಿಟ್ಟು ಇಳಿದು ಬಂದರು.

"ಏನ್ಲಾ ಅದು, ಮುಳ್ಳು ಹಿಡ್ಕಂಡು ದೇವ್ರು ಬಂದೋನಂಗೆ ನಿಂತಿದ್ದೀಯೆ?"

ಇಷ್ಟು ದಿನದ ಸಿಟ್ಟೆಲ್ಲ ಬಾಯಿಗೆ ಬಂತು. "ನೀವು ಹಚ್ಚಿದ ಈಬೂತಿ ಅವ್ವಾರೆ! ಇದು ಕಾರು ಉಸ್ರಾಡೋ ತೂತು. ವಾರ ವಾರ ಇದ್ರ ಉಸ್ರು ಕಟ್ಟಿಸ್ತಾ ಇದ್ದೀರಿ. ಅತ್ಲಾಗೆ ಬುದ್ಯೋರು ನನ್ ಕೆಲ್ಸ ಕಿತ್ಕತೀನಿ ಅಂತಾವ್ರೆ!"

ಅವರು ಮುಚ್ಚಳವನ್ನೇ ನೋಡಿದರು. ಮರದಿಂದ ಹೂ ಉದುರುತ್ತಲೇ ಇತ್ತು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ, ನೋಡಿದರೆ ನಗುತ್ತಿದ್ದರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ಉಣ್ಣೋ ಬಾಯಿ ಅಂತ ಹಚ್ಚಿದ್ರೆ ಮೂಗ್ನೇ ಮುಚ್ಬುಟ್ಟಿದ್ದೀನಲ್ಲಪ್ಪ! ತಗಿ ತಗಿ. ಏಯ್, ತಡಿ! ನೆಲಕ್ಕೆ ಬಿದ್ದಾತು, ಈಬೂತಿ ತುಳಿಯಂಗಿಲ್ಲ."

ವಿಭೂತಿ ನೆಲಕ್ಕೆ ಬೀಳಬಾರದು, ಅದು ಅವರ ಮನೆಯ ಕಟ್ಟುನಿಟ್ಟು. ಅವರು ಅಂಗೈ ಒಡ್ಡಿದರು. ನಾನು ಮೇಲಿಂದ ಮುಳ್ಳಿನಲ್ಲಿ ಕೆರೆದೆ. ಪುಡಿ ಪುಡಿಯಾಗಿ ಅವರ ಅಂಗೈಗೆ ಉದುರಿತು. ಅವತ್ತು ಮೇಲಿದ್ದದ್ದು ನನ್ನ ಕೈ. ಅದು ಅವರಿಗೂ ತಿಳಿಯಿತು ಅಂತ ಕಾಣುತ್ತದೆ, ನಗು ನಿಂತು ನನ್ನ ಮುಖ ನೋಡಿದರು.

"ಇದ್ನ ಈಗೆಲ್ಲಿ ಹಾಕ್ಲಿ?" ಎಂದರು. ಕಾಲುವೆಗೆ ಬಗ್ಗಿ ಒಂದು ಹನಿ ನೀರು ಹಾಕಿ ಕಲಸಿಕೊಂಡು ಬಂದರು. "ಬಗ್ಗು."

"ಅವ್ವಾರೆ..."

"ಬಗ್ಗೋ ಅಂದೆ. ನಿನ್ ಹಣೇಲಿ ತೂತೇನಿಲ್ವಲ್ಲ?"

ಮೂರು ಬೆರಳು ನನ್ನ ಹಣೆಯ ಮೇಲೆ ಎಡದಿಂದ ಬಲಕ್ಕೆ ಹೋದವು. ತಣ್ಣಗಿದ್ದವು, ಡೀಸೆಲ್ ವಾಸನೆ ಬರುತ್ತಿತ್ತು. ನನ್ನ ತಾಯಿ ಸತ್ತ ಮೇಲೆ ಯಾರೂ ನನ್ನ ಹಣೆ ಮುಟ್ಟಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಮುಚ್ಚಳ ಹಾಕಿ, ಕೈಪಂಪು ಒತ್ತಿ, ಸ್ಟಾರ್ಟ್ ಮಾಡಿದೆ. ಬಳೆಗಳು ಮತ್ತೆ ಕಿಣಿಕಿಣಿ ಎಂದವು.

ಯಳಂದೂರಿನ ಮನೆ ಮುಂದೆ ಯಜಮಾನರು ಕಾಯುತ್ತಿದ್ದರು. ಶಾಸ್ತ್ರಕ್ಕೆ ಇನ್ನೂ ಹೊತ್ತಿತ್ತು. "ನಿಂತ್ಕತ್ತಾ?" ಎಂದು ನನ್ನನ್ನು ಕೇಳಿದರು, ಕಣ್ಣು ನನ್ನ ಹಣೆಯ ಮೇಲಿತ್ತು. ನಾನು ಬಾಯಿ ತೆರೆಯುವ ಮುಂಚೆ ಅವ್ವಾರೇ ಇಳಿದರು. "ನಿಂತಿತ್ತು. ನಾನೇ ನಿಲ್ಸಿದ್ದು ಕಣ, ಇಷ್ಟು ದಿನಾನೂ ನಾನೇ. ಅವನ ಗೊಡವೆಗೋಗ್ಬೇಡ. ಈ ಬುಟ್ಟಿ ಹಿಡಿ," ಎಂದು ಒಳಗೆ ಹೋದರು. ಕೆಲಸ ಉಳಿಯಿತು. ನನ್ನ ಎಲೆ ಮಾತ್ರ ಅವತ್ತೂ ಹೊರಗಿನ ಜಗಲಿಯ ಮೇಲೇ ಬಿತ್ತು.

ಮುಂದಿನ ಸೋಮವಾರ ಅಂಗಳದಲ್ಲಿ ಬಾನೆಟ್ಟಿಗೆ, ಸ್ಟೀರಿಂಗಿಗೆ, ಚಕ್ರಕ್ಕೆ ವಿಭೂತಿ ಬಿತ್ತು, ಮುಚ್ಚಳಕ್ಕೆ ಬೀಳಲಿಲ್ಲ. ನನ್ನ ಅಂಗೈಗೆ ಹಳೆಯಂತೆಯೇ ಮೇಲಿಂದ ಒಂದು ಚಿಟಿಕೆ. ಮನೆಯವರೆಲ್ಲ ನೋಡುತ್ತಿದ್ದರು. ಹೊಂಗೆ ಮರದ ಹತ್ತಿರ ಬಂದಾಗ ಅವ್ವಾರು "ನಿಲ್ಸಪ್ಪ" ಎಂದರು. ನಿಲ್ಲಿಸಿದೆ. ಸೆರಗಿನ ಗಂಟಿನಿಂದ ವಿಭೂತಿ ತೆಗೆದು ನನ್ನ ಹಣೆಗೆ ಎಳೆದರು. ಅದರ ಮುಂದಿನ ವಾರವೂ ಹಾಗೇ ಆಯಿತು. ಕೆಟ್ಟು ನಿಲ್ಲುತ್ತಿದ್ದ ಜಾಗದಲ್ಲೇ ಕಾರನ್ನು ನಾನೇ ನಿಲ್ಲಿಸುತ್ತಿದ್ದೆ. ಹೂವಿನ ಕಾಲ ಮುಗಿದು ಮರದ ತುಂಬ ಎಳೆ ಕಾಯಿ. ಆ ಬೆರಳುಗಳಿಗೆ ನಾನು ವಾರವೆಲ್ಲ ಕಾಯುತ್ತಿದ್ದೆ, ಕಾಯುತ್ತಿದ್ದೇನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟೂ ಬರುತ್ತಿತ್ತು. ಇಲ್ಲಿ ಮುಟ್ಟುವ ಹಣೆ ಮನೆಯ ಅಂಗಳದಲ್ಲಿ ಬೇರೆಯಾ?

ಆ ಸಿಟ್ಟಿನಲ್ಲೇ ಒಂದು ಸೋಮವಾರ ಮರ ಬಂದಾಗ ಆಕ್ಸಿಲರೇಟರಿನಿಂದ ಕಾಲು ಎತ್ತಲಿಲ್ಲ.

"ನಿಲ್ಸಪ್ಪ," ಎಂದರು ಹಿಂದಿನಿಂದ.

"ಕಾರು ಈಗ ಇಲ್ಲಿ ನಿಲ್ಲಲ್ಲ ಅವ್ವಾರೆ. ರಿಪೇರಿ ಆಗ್ಬುಟ್ಟದೆ."

ಮರ ಹಿಂದೆ ಸರಿಯಿತು. ಅವರು ಬಿಚ್ಚುತ್ತಿದ್ದ ಸೆರಗಿನ ಗಂಟನ್ನು ಮತ್ತೆ ಬಿಗಿದುಕೊಂಡದ್ದು ಕನ್ನಡಿಯಲ್ಲಿ ಕಂಡಿತು. ಯಳಂದೂರು ಬರುವ ತನಕ ಎಂಜಿನ್ ಒಂದೇ ದನಿಯಲ್ಲಿ ಓಡಿತು, ಅಷ್ಟು ಚೆನ್ನಾಗಿ ಅದು ಯಾವತ್ತೂ ಓಡಿರಲಿಲ್ಲ. ವಾಪಸು ಬರುವಾಗ ಮರದ ಹತ್ತಿರ ಅವರು ಮುಖವನ್ನು ಇನ್ನೊಂದು ಕಡೆಗೆ ತಿರುಗಿಸಿಕೊಂಡರು. ಕೆಲಸ ಈ ಸಲ ನಿಜವಾಗಿಯೂ ಹೋಯಿತು ಅಂದುಕೊಂಡೆ, ಆ ವಾರವೆಲ್ಲ ಅಪ್ಪನ ಕುಂಟೆ ಕಣ್ಣಮುಂದೆ ಬರುತ್ತಿತ್ತು.

ಮತ್ತೆ ಸೋಮವಾರ ಬಂತು. ಕಾರು ತೊಳೆದು ಅಂಗಳದಲ್ಲಿ ನಿಲ್ಲಿಸಿದೆ. ಯಜಮಾನರು ಜಗಲಿಯ ಮೇಲೆ ಬೇವಿನ ಕಡ್ಡಿ ಕಚ್ಚಿಕೊಂಡು ಕೂತಿದ್ದರು, ಹೆಂಗಸರು ಬಾಗಿಲಲ್ಲಿದ್ದರು. ಅವ್ವಾರು ಬಟ್ಟಲು ಹಿಡಿದು ಬಂದು ಬಾನೆಟ್ಟಿಗೆ ಎಳೆದರು, ಸ್ಟೀರಿಂಗಿಗೆ ಎಳೆದರು, ಬಗ್ಗಿ ಬಗ್ಗಿ ನಾಲ್ಕೂ ಚಕ್ರಕ್ಕೆ ಎಳೆದರು. ನನ್ನ ಮುಂದೆ ಬಂದು ನಿಂತರು. ನಾನು ಅಂಗೈ ಒಡ್ಡಿದೆ. ಏನೂ ಉದುರಲಿಲ್ಲ.

"ಕೈ ತಗಿ," ಎಂದರು, ಪಡಸಾಲೆಗೆಲ್ಲ ಕೇಳುವಂತೆ. "ಬಗ್ಗು."

ಯಜಮಾನರ ಬಾಯಲ್ಲಿ ಬೇವಿನ ಕಡ್ಡಿ ನಿಂತುಹೋಯಿತು. ಅವ್ವಾರು ಮೂರು ಬೆರಳನ್ನು ಬಟ್ಟಲಲ್ಲಿ ಅದ್ದಿದರು, ನಾನು ಬಗ್ಗಿದೆ.